ವೈದ್ಯವಿದ್ಯೆಯ ಹೊಸ್ತಿಲಲ್ಲಿ: ದೊಡ್ಡ ವಿಶ್ವವಿದ್ಯಾನಿಲಯವೋ, ಸಣ್ಣ ಕಾಲೇಜೋ?

ಪ್ರತಿವರ್ಷವೂ ಮಾರ್ಚ್ ತಿಂಗಳ ಕೊನೆಯ ವಾರದಿಂದ ಮೇ ತಿಂಗಳ ಮೊದಲನೆಯ ದಿನದವರೆಗೆ, ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಮನೆತನಗಳಲ್ಲಿ, ಅದರಲ್ಲಿಯೂ ಮಗನನ್ನೋ ಮಗಳನ್ನೋ ವೈದ್ಯವೃತ್ತಿಗೆ ಕಳುಹಿಸಬೇಕೆಂಬ ಹಂಬಲವುಳ್ಳ ಮನೆಗಳಲ್ಲಿ, ಒಂದೇ ಚರ್ಚೆ ನಡೆಯುತ್ತಿರುವುದು: ಐವತ್ತು ಸಾವಿರ ವಿದ್ಯಾರ್ಥಿಗಳಿರುವ ದೊಡ್ಡ ವಿಶ್ವವಿದ್ಯಾನಿಲಯವನ್ನು ಸೇರುವುದೋ, ಎರಡು ಮೂರು ಸಾವಿರವನ್ನು ಮೀರದ ಸಣ್ಣ ಕಾಲೇಜನ್ನು ಸೇರುವುದೋ ಎಂಬುದು. ದೂರವಾಣಿಯ ಮೂಲಕ ಆ ಚರ್ಚೆ ಬೆಂಗಳೂರು ಮೈಸೂರುಗಳಲ್ಲಿರುವ ಅಜ್ಜ ಅಜ್ಜಿಯರನ್ನೂ ಸೋದರಮಾವಂದಿರನ್ನೂ ಮುಟ್ಟುತ್ತದೆ. ಇಲ್ಲಿಂದ ಹೋಗುವ ಉತ್ತರವು ಬಹುಮಟ್ಟಿಗೆ ಒಂದೇ ತೆರನಾದದ್ದು: ಯಾವುದರ ಹೆಸರನ್ನು ನಾಲ್ಕು ಜನ ಕೇಳಿ ಬಲ್ಲರೋ ಅದನ್ನೇ ಸೇರಲಿ. ಈ ಸಲಹೆಯು ಮಮತೆಯಿಂದ ಹೊರಟದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ವೈದ್ಯನಾಗಬೇಕೆಂದು ಹೊರಟ ಹದಿನೆಂಟು ವರ್ಷದ ಮಗುವಿಗೆ ಅದು ಹಿತವನ್ನುಂಟುಮಾಡತಕ್ಕ ಸಲಹೆಯಲ್ಲವೆಂದೂ, ಹಣದ ಸ್ಥಿತಿಯು ತೀರ ಪ್ರತಿಕೂಲವಾಗಿರದಿದ್ದಲ್ಲಿ, ಮೊದಲ ಎರಡು ವರ್ಷಗಳಲ್ಲಿಯೇ ಅಧ್ಯಾಪಕನು ವಿದ್ಯಾರ್ಥಿಯನ್ನು ಹೆಸರು ಹಿಡಿದು ಕರೆಯಬಲ್ಲಂತಹ ಸಣ್ಣ ಸಂಸ್ಥೆಯನ್ನು ಆರಿಸಿಕೊಳ್ಳುವುದೇ ಶ್ರೇಯಸ್ಕರವೆಂದೂ ನನ್ನ ದೃಢವಾದ ಅಭಿಪ್ರಾಯ.

ನಮ್ಮ ದೇಶದಲ್ಲಿ ಹದಿನೆಂಟರ ತರುಣನು ನೀಟ್ ಪರೀಕ್ಷೆಯೊಂದನ್ನು ದಾಟಿ ನೇರವಾಗಿ ಎಂ.ಬಿ.ಬಿ.ಎಸ್. ತರಗತಿಯಲ್ಲಿ ಹೋಗಿ ಕುಳಿತುಕೊಳ್ಳುವನು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ನಾಲ್ಕು ವರ್ಷಗಳ ಸ್ನಾತಕ ವ್ಯಾಸಂಗ ಮುಗಿದ ಮೇಲೆಯೇ ನಾಲ್ಕು ವರ್ಷಗಳ ವೈದ್ಯಕೀಯ ಶಿಕ್ಷಣ; ಪ್ರೀ-ಮೆಡ್ ಎಂದು ಅವರು ಕರೆಯುವುದು ಯಾವುದೊಂದು ಪದವಿಯನ್ನೂ ಅಲ್ಲ, ವೈದ್ಯಕೀಯ ಕಾಲೇಜುಗಳು ಅಪೇಕ್ಷಿಸುವ ಜೀವಶಾಸ್ತ್ರ, ಸಾಮಾನ್ಯ ರಸಾಯನ, ಸಾವಯವ ರಸಾಯನ, ಭೌತಶಾಸ್ತ್ರ, ಜೀವರಸಾಯನ ಮೊದಲಾದ ಪಾಠಗಳ ಒಂದು ಸಮುಚ್ಚಯವನ್ನು. ಇವಿಷ್ಟನ್ನು ಚೆನ್ನಾಗಿ ಮುಗಿಸಿದವನು ಇತಿಹಾಸದಲ್ಲಿ ಪದವಿ ಪಡೆದಿರಲಿ, ಸಂಗೀತದಲ್ಲಿ ಪಡೆದಿರಲಿ, ಅರ್ಜಿ ಹಾಕಲು ಅಡ್ಡಿಯಿಲ್ಲ. ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬೇರೆ ಇದೆ. 472ರಿಂದ 528ರವರೆಗಿನ ಅಂಕಶ್ರೇಣಿಯ ಆ ಪರೀಕ್ಷೆಯಲ್ಲಿ 2015ರಿಂದೀಚೆಗೆ ಮನಶ್ಶಾಸ್ತ್ರ ಸಮಾಜಶಾಸ್ತ್ರಗಳಿಗೂ ಸ್ಥಾನ ದೊರೆತಿದೆ. ಎಂ.ಡಿ. ಪದವಿಯ ಕಾಲೇಜುಗಳಿಗೆ ವರ್ಷಕ್ಕೆ ಅರ್ಜಿ ಹಾಕುವವರು ಐವತ್ತು ಸಾವಿರಕ್ಕೂ ಮಿಗಿಲು, ಸ್ಥಾನ ಪಡೆಯುವವರು ಹೆಚ್ಚುಕಡಿಮೆ ಇಪ್ಪತ್ತಮೂರು ಸಾವಿರ. ಆದರೆ ಈ ಲೆಕ್ಕದಲ್ಲಿ ಕಾಣಿಸದ ಇನ್ನೊಂದು ಸಮುದಾಯವುಂಟು: ಮೊದಲ ವರ್ಷದಲ್ಲಿ ತಾನು ವೈದ್ಯನಾಗುವೆನೆಂದು ಹೇಳಿಕೊಂಡು ಬಂದು, ಎರಡನೆಯ ವರ್ಷದ ಕೊನೆಗೆ ಮಾತೆತ್ತದೆ ಆ ದಾರಿಯನ್ನು ಬಿಟ್ಟುಹೋದವರ ಸಮುದಾಯ. ಅರ್ಜಿಯನ್ನೇ ಹಾಕದ ಅವರನ್ನು ಅರ್ಜಿಗಳ ಪಟ್ಟಿ ಎಣಿಸುವುದಿಲ್ಲ. ದೊಡ್ಡದೋ ಸಣ್ಣದೋ ಎಂಬ ಪ್ರಶ್ನೆಯು ನಿಜವಾಗಿ ಇತ್ಯರ್ಥವಾಗುವುದು ಇವರ ವಿಷಯದಲ್ಲಿ.

ಈ ವ್ಯವಸ್ಥೆಯ ಮೂಲವನ್ನು ತಿಳಿಯಬೇಕಾದರೆ 1910ಕ್ಕೆ ಹೋಗಬೇಕು. ಕೆಂಟಕಿ ಪ್ರಾಂತ್ಯದ ಲೂಯಿವಿಲ್ ಪಟ್ಟಣದ ಏಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣತಜ್ಞ, ತಾನು ವೈದ್ಯನಲ್ಲದಿದ್ದರೂ, ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಮೆರಿಕ ಮತ್ತು ಕೆನಡಾ ದೇಶಗಳ 155 ವೈದ್ಯಕೀಯ ಶಾಲೆಗಳನ್ನು ಪರಿಶೀಲಿಸಿ ಬರೆದ ವರದಿಯು ಆ ವರ್ಷ ಪ್ರಕಟವಾಯಿತು. ಪ್ರೌಢಶಾಲೆಯನ್ನೂ ಮುಗಿಸದವರನ್ನು ಶುಲ್ಕದ ಆಸೆಯಿಂದ ಸೇರಿಸಿಕೊಳ್ಳುತ್ತಿದ್ದ ಶಾಲೆಗಳು ಆಗ ಹೇರಳವಾಗಿದ್ದುವು. 1893ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯಾದರೋ, ಪದವಿ ಪಡೆದು ಬನ್ನಿರೆಂದು ಪಟ್ಟು ಹಿಡಿದಿತ್ತು. ಫ್ಲೆಕ್ಸ್‌ನರನು ಅದನ್ನೇ ಆದರ್ಶವನ್ನಾಗಿ ಎತ್ತಿಹಿಡಿದನು. ವಿಜ್ಞಾನದ ತಳಹದಿಯಿಲ್ಲದವನಿಗೆ ವೈದ್ಯಶಾಲೆಯ ಬಾಗಿಲು ತೆರೆಯಕೂಡದೆಂಬ ನಿಯಮವು ಬೇರೂರಿದ್ದು ಆ ವರದಿಯಿಂದ. ದುರ್ಬಲವಾದ ಶಾಲೆಗಳು ಒಂದೊಂದಾಗಿ ಮುಚ್ಚಿಹೋದುವು. ಇದು ಲೋಕೋಪಕಾರವೇ ಸರಿ. ಆದರೆ ಅದೇ ವರದಿಯ ದೆಸೆಯಿಂದ, ಕಪ್ಪು ಜನರಿಗಾಗಿ ಇದ್ದ ಏಳು ವೈದ್ಯಶಾಲೆಗಳಲ್ಲಿ ಹೊವರ್ಡ್ ಮತ್ತು ಮೆಹ್ಯಾರಿ ಎಂಬ ಎರಡು ಮಾತ್ರ ಉಳಿದು, ಮಿಕ್ಕ ಐದೂ ಅಳಿದುಹೋದುವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಹೇಳುವ ಒಂದು ಸಂಗತಿಗೆ ಅದು ಪೀಠಿಕೆ.

ಇನ್ನು ವೈದ್ಯಕೀಯ ಕಾಲೇಜಿನ ಪ್ರವೇಶ ಸಮಿತಿಯ ಮುಂದಿರುವುದೇನೆಂಬುದನ್ನು ನೋಡೋಣ. ಜಿಪಿಎ ಎಂದು ಕರೆಯಲ್ಪಡುವ ಸರಾಸರಿ ಅಂಕ, ಎಂಕ್ಯಾಟ್ ಅಂಕ, ರೋಗಿಗಳ ನಡುವೆ ಕಳೆದ ಕಾಲದ ವಿವರ, ಸಂದರ್ಶನ, ಹಾಗೂ ಅಧ್ಯಾಪಕರ ಪತ್ರಗಳು. ಪ್ರವೇಶ ಪಡೆದವರ ಸರಾಸರಿ ಜಿಪಿಎ ನಾಲ್ಕಕ್ಕೆ 3.7ನ್ನು ಮೀರಿರುವ ಕಾಲವಿದು. ಎರಡು ವರ್ಷ ರಸಾಯನದಲ್ಲಿ ಮುಗ್ಗರಿಸಿದವನನ್ನು ಅವನ ಕಾಲೇಜಿನ ಖ್ಯಾತಿಯು ಮೇಲೆತ್ತಲಾರದು. ಖ್ಯಾತಿಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಊರಿನ ನೆಂಟರು ಅದಕ್ಕೆ ಕಟ್ಟುವ ಬೆಲೆಯ ಹತ್ತರಲ್ಲೊಂದು ಪಾಲನ್ನೂ ಪ್ರವೇಶ ಸಮಿತಿಯು ಕಟ್ಟುವುದಿಲ್ಲವೆಂದಷ್ಟೇ ನನ್ನ ಮಾತು.

ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಆ ಎರಡು ವರ್ಷಗಳು ಹೇಗೆ ಕಳೆಯುತ್ತವೆ? ಸಾವಯವ ರಸಾಯನದ ಉಪನ್ಯಾಸಕ್ಕೆ ಮುನ್ನೂರು ನಾನೂರು ಜನ ಸೇರುವ ಇಳಿಜಾರು ಸಭಾಂಗಣ. ವಿದ್ವಾಂಸನಾದ ಪ್ರಾಧ್ಯಾಪಕನು ವೇದಿಕೆಯ ಮೇಲೆ. ಸಂದೇಹ ಪರಿಹಾರಕ್ಕೆ ವಾರಕ್ಕೊಮ್ಮೆ ಸೇರುವ ಸಣ್ಣ ಗುಂಪನ್ನು ನಡೆಸುವವನು ತನ್ನ ಸಂಶೋಧನಾ ಪ್ರಬಂಧದ ಚಿಂತೆಯಲ್ಲಿ ಮುಳುಗಿರುವ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ. ಪರೀಕ್ಷೆಯಲ್ಲಿ ಸರಾಸರಿ ಅಂಕ ನೂರಕ್ಕೆ ನಲವತ್ತೈದಕ್ಕೆ ಇಳಿದರೂ ಯಾರೂ ಗಾಬರಿಯಾಗುವುದಿಲ್ಲ. ಏಕೆಂದರೆ ಅಲ್ಲಿ ಶ್ರೇಣಿಯನ್ನು ಕರ್ವ್ ಮೇಲೆ ಕೊಡುವುದು ವಾಡಿಕೆ, ಅಂದರೆ ಪಕ್ಕದವನಿಗಿಂತ ಎಷ್ಟು ಮುಂದೆ ಎಂಬುದರ ಮೇಲೆ. ಇಂತಹ ಪಾಠಗಳನ್ನು ವೀಡ್-ಔಟ್ ಕೋರ್ಸು ಎಂದು ವಿದ್ಯಾರ್ಥಿಗಳೂ ಅಧ್ಯಾಪಕರೂ ಸಂಕೋಚವಿಲ್ಲದೆ ಕರೆಯುವರು. ಕಳೆಯೆಂದು ಕಿತ್ತೆಸೆಯಲ್ಪಡುವವರು ಪ್ರೌಢಶಾಲೆಯಲ್ಲಿ ಮೊದಲಿಗರಾಗಿದ್ದು ಮನೆಬಿಟ್ಟು ಬಂದ ಮಕ್ಕಳು ಎಂಬುದನ್ನು ನೆನೆದಾಗ ನನಗೆ ನಿಜವಾಗಿ ವ್ಯಥೆಯಾಗುತ್ತದೆ.

ಕೆಲವು ವರ್ಷಗಳ ಹಿಂದೆ ಅಮೆರಿಕದ ಪತ್ರಿಕೆಗಳಲ್ಲಿ ಬಹುವಾಗಿ ಚರ್ಚಿತವಾದ ಒಂದು ಪ್ರಸಂಗವು ಇದಕ್ಕೆ ಸಾಕ್ಷಿ. 2022ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಮೇಟ್‌ಲೆಂಡ್ ಜೋನ್ಸ್ ಎಂಬ ವೃದ್ಧ ಪ್ರಾಧ್ಯಾಪಕರ ಸಾವಯವ ರಸಾಯನ ತರಗತಿಯ 350 ವಿದ್ಯಾರ್ಥಿಗಳ ಪೈಕಿ 82 ಮಂದಿ, ಪಾಠವು ಅತಿ ಕಠಿಣವೆಂದೂ ತಮ್ಮ ಕಡಿಮೆ ಅಂಕಗಳಿಗೆ ಬೋಧನಕ್ರಮವೇ ಕಾರಣವೆಂದೂ ಮನವಿಯೊಂದಕ್ಕೆ ಸಹಿ ಹಾಕಿದರು. ಅನೇಕ ವರ್ಷ ಪ್ರಿನ್ಸ್‌ಟನ್‌ನಲ್ಲಿ ಪಾಠ ಹೇಳಿದ್ದ, ಆ ವಿಷಯದ ಪ್ರಸಿದ್ಧ ಪಠ್ಯಪುಸ್ತಕವನ್ನೇ ಬರೆದಿದ್ದ ಆ ಪ್ರಾಧ್ಯಾಪಕರ ಕರಾರನ್ನು ವಿಶ್ವವಿದ್ಯಾನಿಲಯವು ಮುಂದಿನ ಅವಧಿ ಆರಂಭವಾಗುವ ಮೊದಲೇ ಕೊನೆಗೊಳಿಸಿತು. ಮನವಿಯು ಅದನ್ನು ಕೇಳಿರಲೂ ಇಲ್ಲ. ಈಗಿನ ಮಕ್ಕಳಿಗೆ ಶ್ರಮ ಬೇಡವಾಗಿದೆಯೆಂದು ಕೆಲವರೂ, ಮುದುಕರಿಗೆ ಮಕ್ಕಳ ಕಷ್ಟ ತಿಳಿಯದೆಂದು ಕೆಲವರೂ ವಾದಿಸಿದರು. ನಾನು ಯಾರನ್ನೂ ದೂರಲಾರೆ. ಮುನ್ನೂರೈವತ್ತು ಮಂದಿಯನ್ನು ಒಬ್ಬ ಗುರುವಿನ ಮುಂದೆ ಕೂರಿಸಿ, ಅವರಲ್ಲಿ ಯಾರು ಯಾವಾಗ ದಾರಿ ತಪ್ಪಿದರೆಂದು ತಿಳಿಯುವ ಅವಕಾಶವನ್ನೇ ಕೊಡದಿದ್ದ ಏರ್ಪಾಡು ಆ ಜಗಳಕ್ಕೆ ಮೂಲ.

ಸಾವಯವ ರಸಾಯನದ ಪ್ರಯೋಗಶಾಲೆಯಲ್ಲಿ ಅನೇಕ ಕಾಲೇಜುಗಳಲ್ಲಿ ಮಾಡಿಸುವ ಒಂದು ಪ್ರಯೋಗವಿದೆ: ಚಹದ ಎಲೆಗಳನ್ನು ಕುದಿಸಿ, ಆ ಕಷಾಯಕ್ಕೆ ಡೈಕ್ಲೋರೋಮೀಥೇನ್ ಎಂಬ ದ್ರಾವಕವನ್ನು ಬೆರೆಸಿ, ಕೆಳಗೆ ತೂಬಿರುವ ಗಾಜಿನ ಆಲಿಕೆಯಲ್ಲಿಟ್ಟು ಅಲುಗಿಸಿ, ಕೆಫೀನನ್ನು ಬೇರ್ಪಡಿಸುವುದು. ಮೃದುವಾಗಿ ಹೊರಳಿಸಿದರೆ ಎರಡು ದ್ರವಗಳೂ ಮೇಲೊಂದು ಕೆಳಗೊಂದು ಪದರವಾಗಿ ನಿಲ್ಲುತ್ತವೆ. ಆತುರಪಟ್ಟು ಜೋರಾಗಿ ಕುಲುಕಿದರೆ ಎರಡೂ ಕಲೆತು ಮಬ್ಬು ನೊರೆಯಾಗಿ, ಗಂಟೆಗಟ್ಟಲೆ ಕಾದರೂ ಬೇರೆಯಾಗವು. ಮೊದಲ ಸಲ ಮಾಡುವವರಲ್ಲಿ ಜೋರಾಗಿ ಕುಲುಕುವವರೇ ಹೆಚ್ಚು. ದೊಡ್ಡ ಸಂಸ್ಥೆಯಲ್ಲಿ ಇಪ್ಪತ್ತು ಜನರನ್ನು ನೋಡಿಕೊಳ್ಳಬೇಕಾದ ಸಹಾಯಕನು ಆ ನೊರೆಗೆ ಒಂದಿಷ್ಟು ಉಪ್ಪುನೀರು ಸುರಿದು ಮುಂದಿನ ಮೇಜಿಗೆ ಹೋಗುವನು. ಸಣ್ಣ ಕಾಲೇಜಿನಲ್ಲಿ, ಬೆಳಗ್ಗೆ ಉಪನ್ಯಾಸ ಮಾಡಿದ ಪ್ರಾಧ್ಯಾಪಕಿಯೇ ಮಧ್ಯಾಹ್ನ ಮೇಜಿನ ಬಳಿ ನಿಂತಿರುವಳು. ಉಪ್ಪು ಏಕೆ ಕೆಲಸಮಾಡಿತೆಂದು ಕೇಳುವಳು. ಹುಡುಗ ತಡವರಿಸಿದರೆ ಸಂಜೆ ತನ್ನ ಕೊಠಡಿಗೆ ಬಾರೆಂದು ಕರೆಯುವಳು. ಮೂರು ವರ್ಷ ಕಳೆದ ಮೇಲೆ ಅವನಿಗೆ ಶಿಫಾರಸು ಪತ್ರವನ್ನು ಬರೆಯಬೇಕಾದಾಗ, ಅವನು ತಪ್ಪಿದ್ದನ್ನೂ ತಪ್ಪಿದ ಮೇಲೆ ಹೇಗೆ ತಿದ್ದಿಕೊಂಡನೆಂಬುದನ್ನೂ ಕಣ್ಣಾರೆ ಕಂಡವಳಾಗಿ ಆಕೆ ಬರೆಯಬಲ್ಲಳು. ವಿಜ್ಞಾನದ ಇಬ್ಬರು ಅಧ್ಯಾಪಕರ ಪತ್ರಗಳನ್ನು ಕೇಳುವ ವೈದ್ಯಕೀಯ ಕಾಲೇಜುಗಳು ಅನೇಕ. ನಾನೂರು ಮಂದಿಗೆ ಪಾಠ ಹೇಳಿದವನು, ಹುಡುಗನಿಗೆ ‘ಎ’ ಶ್ರೇಣಿ ಬಂದಿತ್ತೆಂಬುದಕ್ಕಿಂತ ಹೆಚ್ಚಾಗಿ ಏನನ್ನು ತಾನೆ ಬರೆದಾನು? ಆ ಸಂಗತಿಯು ಅಂಕಪಟ್ಟಿಯಲ್ಲಿಯೇ ಇರುತ್ತದೆಯಲ್ಲವೆ?

ಸಣ್ಣ ಸಂಸ್ಥೆಯೊಂದು ಏನನ್ನು ಸಾಧಿಸಬಹುದೆಂಬುದಕ್ಕೆ ನನಗೆ ತಿಳಿದ ಶ್ರೇಷ್ಠ ದೃಷ್ಟಾಂತವು ನ್ಯೂ ಆರ್ಲಿಯನ್ಸ್ ನಗರದ ಕ್ಸೇವಿಯರ್ ವಿಶ್ವವಿದ್ಯಾನಿಲಯ. ಫಿಲಡೆಲ್ಫಿಯದ ಸಿರಿವಂತ ಸಾಹುಕಾರನ ಮಗಳಾಗಿ ಹುಟ್ಟಿ, ಸನ್ಯಾಸಿನಿಯಾಗಿ, ತನ್ನ ಪಾಲಿಗೆ ಬಂದ ಆಸ್ತಿಯನ್ನು ಕಪ್ಪು ಜನರ ಮತ್ತು ಅಮೆರಿಕದ ಮೂಲನಿವಾಸಿಗಳ ವಿದ್ಯಾಭ್ಯಾಸಕ್ಕಾಗಿ ವ್ಯಯಮಾಡಿದ ಕ್ಯಾಥರೀನ್ ಡ್ರೆಕ್ಸೆಲ್ ಎಂಬ ಪುಣ್ಯಾತ್ಮಳು 1915ರಲ್ಲಿ ಶಾಲೆಯಾಗಿ ಸ್ಥಾಪಿಸಿ 1925ರಲ್ಲಿ ಕಾಲೇಜಾಗಿ ಬೆಳೆಸಿದ ಸಂಸ್ಥೆ ಅದು. 2000ದಲ್ಲಿ ರೋಮಿನ ಧರ್ಮಪೀಠವು ಆಕೆಯನ್ನು ಸಂತಳೆಂದು ಘೋಷಿಸಿತು. ವಿದ್ಯಾರ್ಥಿಗಳ ಸಂಖ್ಯೆ ಮೂರು ಸಾವಿರದ ಆಸುಪಾಸು. ಬಹುಮಂದಿ ಬಡತನದಿಂದ ಬಂದವರು. ಒಳ್ಳೆಯ ಶಾಲೆಗಳ ಸೌಕರ್ಯವನ್ನು ಕಾಣದೆ ಬಂದವರು. ಹಾಗಿದ್ದೂ, ದೇಶದ ವೈದ್ಯಕೀಯ ಕಾಲೇಜುಗಳನ್ನು ಸೇರಿ ಪದವಿ ಮುಗಿಸುವ ಕಪ್ಪು ವಿದ್ಯಾರ್ಥಿಗಳನ್ನು ಬೆಳೆಸುವುದರಲ್ಲಿ, ಅದಕ್ಕಿಂತ ಹತ್ತು ಪಟ್ಟು ದೊಡ್ಡದಾದ, ನೂರು ಪಟ್ಟು ಸಿರಿವಂತವಾದ ವಿಶ್ವವಿದ್ಯಾನಿಲಯಗಳನ್ನು ಹಿಂದಿಕ್ಕಿ, ಕ್ಸೇವಿಯರ್ ದಶಕಗಳ ಕಾಲ ಅಗ್ರಸ್ಥಾನದಲ್ಲಿ ನಿಂತಿದೆ.

ಅವರು ಮಾಡಿದ್ದಾದರೂ ಏನು? 1968ರಿಂದ 2015ರವರೆಗೆ ಆ ಸಂಸ್ಥೆಯ ಅಧ್ಯಕ್ಷರಾಗಿದ್ದ ನಾರ್ಮನ್ ಫ್ರಾನ್ಸಿಸ್ ಅವರ ಕಾಲದಲ್ಲಿ, ಕಾರ್ಮೈಕಲ್ ಎಂಬ ರಸಾಯನದ ಅಧ್ಯಾಪಕರೂ ಅವರ ಸಹೋದ್ಯೋಗಿಗಳೂ ಕೂಡಿ, ತಮ್ಮ ವಿದ್ಯಾರ್ಥಿಗಳು ಎಲ್ಲೆಲ್ಲಿ ಎಡವುತ್ತಾರೆಂಬುದನ್ನು ವರ್ಷಗಟ್ಟಲೆ ನೋಡಿ, ಆ ಎಡವುವ ಜಾಗಗಳಿಗೆ ಸರಿಯಾಗಿ ತಾವೇ ಅಭ್ಯಾಸಪುಸ್ತಕಗಳನ್ನು ಬರೆದರು. ಒಂದು ವಿಷಯವನ್ನು ಯಾವ ಅಧ್ಯಾಪಕರೇ ಕಲಿಸಲಿ, ಪಾಠದ ಕ್ರಮ ಒಂದೇ ಇರಬೇಕೆಂದು ಗೊತ್ತುಮಾಡಿಕೊಂಡರು. ಪದೇಪದೇ ಸಣ್ಣ ಪರೀಕ್ಷೆಗಳು. ಶಬ್ದಸಂಪತ್ತನ್ನು ಹೆಚ್ಚಿಸುವ ಅಭ್ಯಾಸಗಳು. ಒಬ್ಬರಿಗೊಬ್ಬರು ಹೇಳಿಕೊಟ್ಟು ಗುಂಪಾಗಿ ಓದುವ ಪದ್ಧತಿ. ಕಾಲೇಜು ಸೇರುವ ಮೊದಲೇ ಬೇಸಿಗೆಯಲ್ಲಿ ತಾರ್ಕಿಕ ಚಿಂತನೆಯ ತರಬೇತಿ. ಅರ್ಜಿಯ ಒಂದೊಂದು ಹಂತದಲ್ಲಿಯೂ ಬೆನ್ನ ಹಿಂದೆ ನಿಲ್ಲುವ ಪ್ರೀ-ಮೆಡ್ ಕಚೇರಿ. ಇವುಗಳಲ್ಲಿ ಅದ್ಭುತವೆಂಬುದು ಯಾವುದೊಂದೂ ಇಲ್ಲ. ಆದರೆ ಸೇರಿದ ಮಕ್ಕಳನ್ನು ವೈದ್ಯರನ್ನಾಗಿ ಮಾಡುವುದೇ ತಮ್ಮ ಕರ್ತವ್ಯ, ಅಯೋಗ್ಯರನ್ನು ಗುರುತಿಸಿ ಹೊರಹಾಕುವುದಲ್ಲ ಎಂದು ಇಡಿಯ ವಿಭಾಗವೊಂದು ಒಮ್ಮನಸ್ಸಾಗಿ ನಂಬಿದ್ದು ಅಲ್ಲಿಯ ವಿಶೇಷ. 2005ರಲ್ಲಿ ಕಟ್ರೀನಾ ಚಂಡಮಾರುತದಿಂದ ಆವರಣವೆಲ್ಲವೂ ಜಲಾವೃತವಾದಾಗಲೂ, 2006ರ ಜನವರಿಯಲ್ಲಿ ಪಾಠಗಳು ಮತ್ತೆ ಮೊದಲಾದುವು. ಇಲ್ಲಿ 1979ರಲ್ಲಿ ಪದವಿ ಪಡೆದ ರೆಜೀನಾ ಬೆಂಜಮಿನ್, ಅಲಬಾಮಾ ಕರಾವಳಿಯ ಬೆಸ್ತರ ಊರೊಂದರಲ್ಲಿ ಬಡವರಿಗಾಗಿ ಚಿಕಿತ್ಸಾಲಯವನ್ನು ನಡೆಸಿ, 2009ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆದರು. ಆ ಸ್ಥಾನಕ್ಕೆ 2014ರಲ್ಲಿ ಬಂದ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿಯವರ ಹೆಸರನ್ನು ನಾವೆಲ್ಲರೂ ಅಭಿಮಾನದಿಂದ ಹೇಳುತ್ತೇವೆ, ಅವರು ಓದಿದ ಹಾರ್ವರ್ಡ್ ಹೆಸರನ್ನೂ ಜೊತೆಗೆ ಹೇಳುತ್ತೇವೆ. ಅವರಿಗಿಂತ ಮೊದಲು ಅದೇ ಸ್ಥಾನದಲ್ಲಿದ್ದ ಬೆಂಜಮಿನ್ ಅವರನ್ನು ರೂಪಿಸಿದ ಕಾಲೇಜಿನ ಹೆಸರೂ ನಮ್ಮ ಮನೆಗಳಲ್ಲಿ ಕೇಳಿಬರಬೇಕು. ಫ್ಲೆಕ್ಸ್‌ನರ್ ವರದಿಯ ತರುವಾಯ ಕಪ್ಪು ಜನರು ಕಳೆದುಕೊಂಡ ಐದು ವೈದ್ಯಶಾಲೆಗಳ ಕೊರತೆಯನ್ನು ಈ ಪುಟ್ಟ ಸಂಸ್ಥೆಯು ಇಷ್ಟು ಕಾಲ ತನ್ನ ಶಕ್ತ್ಯನುಸಾರ ತುಂಬುತ್ತ ಬಂದು, ಈಗ ಆಕ್ಸ್‌ನರ್ ಎಂಬ ಆಸ್ಪತ್ರೆ ಸಮೂಹದೊಡನೆ ಕೂಡಿ ತನ್ನದೇ ಆದ ವೈದ್ಯಕೀಯ ಕಾಲೇಜನ್ನು ಕಟ್ಟಲು ಹೊರಟಿದೆ.

ಸಣ್ಣದಾದ ಮಾತ್ರಕ್ಕೆ ಎಲ್ಲವೂ ಕ್ಸೇವಿಯರ್ ಆಗುವುದಿಲ್ಲ. ತಮ್ಮಲ್ಲಿ ಓದಿ ಅರ್ಜಿ ಹಾಕಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ವೈದ್ಯಕೀಯ ಪ್ರವೇಶ ದೊರೆತಿದೆಯೆಂದು ಪ್ರಚಾರಪತ್ರಗಳಲ್ಲಿ ಸಾರುವ ಸಣ್ಣ ಕಾಲೇಜುಗಳಿವೆ; ಆ ಲೆಕ್ಕದ ಹಿಂದೆ ಏನಿರಬಹುದೆಂಬುದನ್ನು ತಂದೆತಾಯಿಯರು ತಿಳಿದಿರಬೇಕು. ಅನೇಕ ಕಾಲೇಜುಗಳಲ್ಲಿ ಅಧ್ಯಾಪಕರ ಸಮಿತಿಯೊಂದು ಅಭ್ಯರ್ಥಿಯ ಪರವಾಗಿ ಒಟ್ಟು ಪತ್ರವನ್ನು ಬರೆದು ಕಳುಹಿಸುತ್ತದೆ; ಕಮಿಟಿ ಲೆಟರ್ ಎಂದು ಅದರ ಹೆಸರು. ಗೆಲ್ಲುವ ಭರವಸೆಯಿಲ್ಲದ ವಿದ್ಯಾರ್ಥಿಗೆ ಆ ಪತ್ರವನ್ನು ಕೊಡದೆ, ಅಥವಾ ಈ ವರ್ಷ ಅರ್ಜಿ ಹಾಕಬೇಡವೆಂದು ಬುದ್ಧಿ ಹೇಳಿ ಹಿಂದಕ್ಕೆ ಸರಿಸಿ, ತೊಂಬತ್ತರ ಲೆಕ್ಕವನ್ನು ಕಾಯ್ದುಕೊಳ್ಳುವ ಸಮಿತಿಗಳೂ ಉಂಟು. ಇಂಥ ಕಾಲೇಜು ದೊಡ್ಡ ವಿಶ್ವವಿದ್ಯಾನಿಲಯದ ದೋಷವನ್ನೇ ಮುಚ್ಚಿಟ್ಟು ಮಾಡುತ್ತದೆಯಾದ್ದರಿಂದ, ನನ್ನ ದೃಷ್ಟಿಯಲ್ಲಿ ಅದು ಹೆಚ್ಚು ನಿಂದ್ಯ.

ದೊಡ್ಡ ವಿಶ್ವವಿದ್ಯಾನಿಲಯದ ಪರವಾಗಿ ಹೇಳತಕ್ಕ ಮಾತುಗಳೂ ಇವೆ. ಮಿಶಿಗನ್ ವಿಶ್ವವಿದ್ಯಾನಿಲಯವು ವಿಶ್ವವಿದ್ಯಾನಿಲಯದ ಸ್ವಂತ ಆಸ್ಪತ್ರೆಯೆಂಬುದನ್ನು ಆ ದೇಶದಲ್ಲಿಯೇ ಮೊಟ್ಟಮೊದಲು 1869ರಲ್ಲಿ ತೆರೆಯಿತು. ಇಂದು ಅಲ್ಲಿಯ ಮೊದಲನೆಯ ವರ್ಷದ ವಿದ್ಯಾರ್ಥಿಯೂ ನಡೆದುಹೋಗುವಷ್ಟು ದೂರದಲ್ಲಿ ಮಹಾ ಆಸ್ಪತ್ರೆಯನ್ನೂ, ಸಂಶೋಧನಾಲಯಗಳನ್ನೂ, ಅವುಗಳಲ್ಲಿ ಕೈಜೋಡಿಸುವ ಅವಕಾಶವನ್ನೂ ಕಾಣಬಹುದು. ಹೊಲಗದ್ದೆಗಳ ನಡುವೆ ಇರುವ ಸಣ್ಣ ಕಾಲೇಜಿನವನಿಗೆ ಈ ಸೌಲಭ್ಯಕ್ಕಾಗಿ ಬೇಸಿಗೆ ರಜೆಯನ್ನು ಕಾಯಬೇಕಾದೀತು. ತಾನಾಗಿ ಹೋಗಿ ಬಾಗಿಲು ತಟ್ಟುವ, ಸಂಕೋಚವಿಲ್ಲದೆ ಆಫೀಸ್ ಅವರ್ಸ್ ವೇಳೆಯಲ್ಲಿ ಪ್ರಾಧ್ಯಾಪಕನ ಮುಂದೆ ಕುಳಿತು ಪ್ರಶ್ನೆ ಕೇಳುವ ಸ್ವಭಾವದ ಹುಡುಗಿಗೆ ಇಂತಹ ಸ್ಥಳದಲ್ಲಿ ಸಿಗುವಷ್ಟು ಬೇರೆಲ್ಲಿಯೂ ಸಿಗದು. ಆದರೆ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅಂಥವರು? ಹಿರಿಯರ ಎದುರು ತಾನಾಗಿ ಮಾತನಾಡುವುದು ಉದ್ಧಟತನವೆಂದು ಕಲಿಸಿ ಬೆಳೆಸಿದವರು ನಾವು; ಅಂಥ ಮಗುವನ್ನು ನಾನೂರು ಜನರ ಸಭಾಂಗಣದಲ್ಲಿ ಬಿಟ್ಟು, ಅದು ಕೈಯೆತ್ತಲಿಲ್ಲವೆಂದು ಕೊರಗುವುದು ನ್ಯಾಯವಲ್ಲ.

ಹಣದ ಮಾತು ಬೇರೆ. ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಇನ್-ಸ್ಟೇಟ್ ಶುಲ್ಕವು ಗಣನೀಯವಾಗಿ ಕಡಿಮೆ. ಹೆಸರಾಂತ ಸಣ್ಣ ಖಾಸಗಿ ಕಾಲೇಜುಗಳಲ್ಲಿ ಊಟವಸತಿಗಳೂ ಸೇರಿದ ವಾರ್ಷಿಕ ವೆಚ್ಚವು ಎಂಬತ್ತು ಸಾವಿರ ಡಾಲರನ್ನು ದಾಟಿದೆ. ಬಡವರಿಗೆ ಆ ಕಾಲೇಜುಗಳು ಉದಾರವಾಗಿ ನೆರವು ನೀಡುತ್ತವೆ. ಇಬ್ಬರೂ ದುಡಿಯುವ ಮಧ್ಯಮ ವರ್ಗದ ಕನ್ನಡ ಕುಟುಂಬವು ಆ ನೆರವಿನ ಮಿತಿಯ ಹೊರಗೆ ಬೀಳುವುದೇ ಹೆಚ್ಚು. ವೈದ್ಯಕೀಯ ಶಿಕ್ಷಣಕ್ಕೆ ಸಾಲ ಮಾಡಿದವರ ತಲೆಯ ಮೇಲೆ ಪದವಿಯ ವೇಳೆಗೆ ಎರಡು ಲಕ್ಷ ಡಾಲರಿನಷ್ಟು ಹೊರೆ ಬೀಳುವುದು ಸಾಮಾನ್ಯ. 2025ರಲ್ಲಿ ಆದ ಕಾನೂನಿನ ಮೇರೆಗೆ 2026ರ ಜುಲೈಯಿಂದ ಹೊಸದಾಗಿ ಸಾಲ ಪಡೆಯುವವರಿಗೆ ಕೇಂದ್ರ ಸರ್ಕಾರದ ಸಾಲವು ವರ್ಷಕ್ಕೆ ಐವತ್ತು ಸಾವಿರ, ಒಟ್ಟಿನಲ್ಲಿ ಎರಡು ಲಕ್ಷ ಡಾಲರನ್ನು ಮೀರಕೂಡದೆಂಬ ಮಿತಿ ಬೇರೆ. ಆದಕಾರಣ, ಮುಂದೆ ಬರಲಿರುವ ನಾಲ್ಕು ವರ್ಷಗಳಿಗೆ ಬೇಕಾದ ಗಂಟನ್ನು ಮೊದಲ ನಾಲ್ಕು ವರ್ಷಗಳಲ್ಲಿಯೇ ಕರಗಿಸಬೇಕಾಗುವುದಾದರೆ, ನನ್ನ ಸಲಹೆಯನ್ನು ಬದಿಗಿಟ್ಟು ರಾಜ್ಯದ ವಿಶ್ವವಿದ್ಯಾನಿಲಯವನ್ನೇ ಸೇರಿರಿ. ಸೇರಿದ ಮೇಲೆ ಅದರೊಳಗೇ ಇರುವ ಆನರ್ಸ್ ಕಾಲೇಜಿನಂತಹ ಚಿಕ್ಕ ಕೂಟವನ್ನು ಹುಡುಕಿಕೊಳ್ಳಿರಿ.

ಎಚ್-4 ವೀಸಾದ ಮೇಲಿರುವ ಮಕ್ಕಳ ತಂದೆತಾಯಿಯರಿಗೆ ಒಂದು ಮಾತು. ಗ್ರೀನ್ ಕಾರ್ಡಿನ ಸರದಿಯಲ್ಲಿ ಹತ್ತಾರು ವರ್ಷ ಕಾಯುತ್ತಿರುವ ಮನೆಗಳಲ್ಲಿ ಮಗುವಿಗೆ ಇಪ್ಪತ್ತೊಂದು ತುಂಬಿದ ದಿನ ಅವಲಂಬಿತ ವೀಸಾ ಕೊನೆಗೊಳ್ಳುತ್ತದೆ. ಮುಂದೆ ಆ ಮಗು ಲೆಕ್ಕಕ್ಕೆ ವಿದೇಶೀ ವಿದ್ಯಾರ್ಥಿ. ವಿದೇಶೀಯರನ್ನು ಸೇರಿಸಿಕೊಳ್ಳುವ ವೈದ್ಯಕೀಯ ಕಾಲೇಜುಗಳು ಅಲ್ಲಿ ತೀರ ಸ್ವಲ್ಪ. ಇಲ್ಲಿಂದ ಮಕ್ಕಳನ್ನು ನೇರವಾಗಿ ಪ್ರೀ-ಮೆಡ್‌ಗೆ ಕಳುಹಿಸಬೇಕೆಂದಿರುವ ಬೆಂಗಳೂರಿನ ಪೋಷಕರಿಗೂ ಈ ಮಾತು ಅನ್ವಯಿಸುತ್ತದೆ. ಈ ಒಂದು ಸಂಗತಿಯ ಮುಂದೆ ದೊಡ್ಡದು ಸಣ್ಣದೆಂಬ ವಿಚಾರವು ಗೌಣವಾಗುವುದು. ಮೊದಲು ಅದನ್ನು ವಿಚಾರಿಸಿಕೊಂಡು ಮುಂದುವರಿಯತಕ್ಕದ್ದು.

ಮಿಕ್ಕವರು ಮೇ 1ಕ್ಕೆ ಮುಂಚೆ, ಠೇವಣಿ ಕಟ್ಟುವ ಮೊದಲು, ಎರಡೂ ಕಡೆಗಳಿಗೆ ಬರೆದು ಎರಡೇ ಪ್ರಶ್ನೆಗಳನ್ನು ಕೇಳಿರಿ: ನಾಲ್ಕು ವರ್ಷಗಳ ಹಿಂದೆ ನಿಮ್ಮಲ್ಲಿಗೆ ವೈದ್ಯರಾಗುವೆವೆಂದು ಬಂದು ಸೇರಿದವರಲ್ಲಿ ಎಷ್ಟು ಮಂದಿ ಕೊನೆಗೆ ಅರ್ಜಿ ಹಾಕಿದರು? ಎರಡನೆಯ ವರ್ಷದ ಸಾವಯವ ರಸಾಯನದ ಪ್ರಯೋಗಶಾಲೆಯಲ್ಲಿ ಮಕ್ಕಳ ಬಳಿ ನಿಲ್ಲುವವರು ಯಾರು? ಮೊದಲನೆಯ ಪ್ರಶ್ನೆಗೆ ಲೆಕ್ಕವನ್ನು ಕೊಡಲೊಲ್ಲದ ಸಂಸ್ಥೆ, ಅದು ಯಾವುದೇ ಆಗಲಿ, ನಿಮ್ಮ ಮಗುವಿಗೆ ತಕ್ಕುದಲ್ಲ.